ಬೆಲ್ಲ ಚೀಪಿದ ಹೆಣ

ತಾವರಗೇರಾ
೧೭ ಜುಲೈ ೨೦೨೫, ಗುರುವಾರ

ನಮ್ಮ ಸುರೇಖಾಳಿಗೆ,

ಇನ್ನೂ ಸಾಯದೆ ಗಟ್ಟಿಮುಟ್ಟಾಗಿರುವ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಆರೋಗ್ಯ ಹೇಗಿದೆ? ನೆಗಡಿ ಹೋಯಿತೇ? ಮೈಸೂರಿನ ಹಾಸ್ಟೆಲಿನಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲವೆಂದು ಕೊರಗಬೇಡ, ನಿನ್ನ ದೊಡ್ಡವ್ವ ಖಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ. ಅದರಲ್ಲಿ ನಿನ್ನ ಜೊತೆ ಓದುವ ಉಜ್ಮಾಳಿಗೂ ಕ್ಯಾಮೆರಾದ ಮಾಂತೇಶನಿಗೂ ಪಾಲಿದೆ. ಧ್ವನಿ ಹಿಡಿಯುವ ಆ ಉದ್ದ ಕೋಲನ್ನು ಎತ್ತಿಕೊಂಡು ಉಜ್ಮಾ ದಿನವಿಡೀ ಬಿಸಿಲಲ್ಲಿ ನಿಂತದ್ದನ್ನು ನೆನೆದು ದೊಡ್ಡವ್ವ ಈಗಲೂ ಮರುಗುತ್ತಾಳೆ.

ಮೊನ್ನೆ ಫೋನಿನಲ್ಲಿ ನೀನು, ‘ಕಣ್ಣು ಮುಚ್ಚಿ ಕುಂತಾಗ ನಿನಗ ಏನೇನ ಕೇಳಿಸ್ತು, ಬರದು ಕಳಸು ದೊಡ್ಡಪ್ಪಾ. ಫೋನಿನ್ಯಾಗ ನೀ ಬರೇ ಚ್ಯಾಷ್ಟಿ ಮಾಡ್ತಿ’ ಎಂದೆಯಲ್ಲ, ಅದಕ್ಕೇ ಈ ಕಾಗದ. ನಾನು ಟಿಕೆಟ್ ಹರಿದವನೇ ಹೊರತು ಬರೆದು ರೂಢಿಯಿದ್ದವನಲ್ಲ, ಸುಧಾರಿಸಿಕೊಂಡು ಓದು. ಕಥೆ ಬರೆಯುವುದನ್ನೂ ಸಿನಿಮಾ ಮಾಡುವುದನ್ನೂ ಯೂನಿವರ್ಸಿಟಿಯಲ್ಲಿ ಕಲಿಯುತ್ತೇನೆ ಎಂದು ನೀನು ಹಟ ಹಿಡಿದಾಗ ನಿನ್ನಪ್ಪ ಬಿ.ಎಡ್. ಮಾಡು ಎಂದಿದ್ದ. ನಿನ್ನ ಕಡೆ ಮಾತಾಡಿದವನು ನಾನೇ. ಆದರೆ ಖರೇ ಹೇಳುತ್ತೇನೆ, ಅಲ್ಲಿ ಏನು ಕಲಿಸುತ್ತಾರೆಂಬುದು ನನಗೂ ಗೊತ್ತಿರಲಿಲ್ಲ. ಈಗ ಸ್ವಲ್ಪ ಗೊತ್ತಾಗಿದೆ.

ನೀವು ಮೂವರು ಸಿನಿಮಾ ತೆಗೆಯಲು ಬಂದಾಗ ನಿನ್ನ ಕಥೆಯ ಸತ್ತ ಮುದುಕನಾಗಿ ಕೂಡಲು ಊರಲ್ಲಿ ಒಬ್ಬನೂ ಒಪ್ಪಲಿಲ್ಲ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲವಲ್ಲ, ರುಮಾಲು ಸುತ್ತಿ, ವಿಭೂತಿ ಬಳಿದು, ಮಾಲೆ ಹಾಕಿ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಬದುಕಿದವನು ಹಾಗೆ ಕೂತರೆ ಅಪಶಕುನವೆಂದು ಎಲ್ಲರಿಗೂ ಅಂಜಿಕೆ. ರಿಟೈರಾದ ಕಂಡಕ್ಟರನಿಗೆ ಜೀವನದಲ್ಲಿ ಮೊದಲ ಸಲ ಕೂತು ಮಾಡುವ ಕೆಲಸ ಸಿಕ್ಕಿತೆಂದು ನಾನು ಒಪ್ಪಿಕೊಂಡೆ. ದೊಡ್ಡವ್ವ ಮಾತ್ರ ಸುಮ್ಮನೆ ಬಿಡಲಿಲ್ಲ. ರುಚಿ ತಿಳಿಯುವ ಬಾಯಿ ಸತ್ತವನದಲ್ಲ, ಬಂದ ಯಮನಿಗೂ ಅದು ಗೊತ್ತಾಗಲಿ ಎಂದು ನನ್ನ ದವಡೆಗೆ ಬೆಲ್ಲದ ಚೂರು ತುರುಕಿದಳು. ಭಜನೆ ಶುರುವಾಯಿತು, ನಾನು ಚೀಪುತ್ತ ಕೂತೆ. ‘ದೊಡ್ಡಪ್ಪಾ, ಹೆಣ ಬೆಲ್ಲ ಚೀಪಂಗಿಲ್ಲ’ ಎಂದು ನೀನು ಗದರಿದ್ದಕ್ಕೆ ಭಜನೆಯವರು ತಾಳ ಕೆಳಗಿಟ್ಟು ನಕ್ಕರು.

ಆಮೇಲೆ ಕೇಳಿಸಿದ್ದು ಯಲಬುರ್ಗಾ ಬಸ್ಸಿನ ಬ್ರೇಕು. ಅದು ಡ್ರೈವರ್ ಹುಸೇನಬಾಷಾನ ಬ್ರೇಕೆಂದು ಕಣ್ಣು ಮುಚ್ಚಿಯೇ ಹೇಳಬಲ್ಲೆ, ಅವನ ಪಕ್ಕದಲ್ಲಿ ನಿಂತು ಸರ್ವಿಸು ಮುಗಿಸಿದವನು ನಾನು. ನಿಮ್ಮ ಕ್ಯಾಮೆರಾ ಎದುರು ಮನೆಯ ಪಡಸಾಲೆಯೊಳಗಿತ್ತು, ಉಜ್ಮಾಳ ಕೋಲು ಗೋಡೆಯ ಮರೆಯಲ್ಲಿತ್ತು, ಪಾಪ, ಅವನಿಗೆ ಕಂಡಿಲ್ಲ. ಅವನಿಗೆ ಕಂಡದ್ದು ರಸ್ತೆಯ ಪಕ್ಕ ಮಾಲೆ ಹಾಕಿಕೊಂಡು ಕೂತ ನಾನು, ಮುಂದೆ ಭಜನೆ. ಕೂತಲ್ಲೇ ಕೈಮುಗಿದು ಹೋದನಂತೆ. ಹೋದವನು ನಮ್ಮ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಬಸ್ಸು ನಿಲ್ಲಿಸಿ ಹುಲಗವ್ವನಿಗೆ ನಾನು ಸತ್ತೆನೆಂದು ಹೇಳಿಯೇ ಮುಂದೆ ಹೋಗಿದ್ದಾನೆ. ಮಗನ ಮದುವೆಗೆ ತವರಿನಿಂದ ಉಡುಗೊರೆಯಾಗಿ ಕೊಡುವ ಆಹೇರಿ ಸೀರೆ ತಡವಾಗಿ ಬಂತೆಂದು ನನ್ನೊಡನೆ ಮಾತು ಬಿಟ್ಟು ಎಷ್ಟೋ ವರ್ಷವಾಗಿದ್ದ ನನ್ನ ತಂಗಿ, ನಿನ್ನ ಅತ್ತಿ, ನಾನಿನ್ನೂ ಹೆಣವಾಗಿ ಕೂತಿರುವಾಗಲೇ ಮಗನ ಮೋಟಾರ್ ಸೈಕಲ್ ಹತ್ತಿ ಬಂದೇಬಿಟ್ಟಳು.

ಅವಳ ದನಿ ಓಣಿಯ ತುದಿಯಿಂದಲೇ ಕೇಳಿಸಿತು. ಬಂದವಳು ನನ್ನ ಕಾಲ ಮೇಲೆ ಬಿದ್ದು ಹಾಡ್ಯಾಡಿ ಅಳತೊಡಗಿದಳು. ‘ನನ್ನ ಟಿಕೆಟಿನ ರೊಕ್ಕ ನಿನ್ನ ಕಿಸೆದಿಂದ ಹಾಕಾಂವ, ಈಗ ನನ್ನ ಬಿಟ್ಟು ಯಾವ ಬಸ್ ಹತ್ತಿದ್ಯೋ ಅಣ್ಣಾ’ ಎಂದಳು. ಮಗಳೇ, ಅವಳು ನನ್ನ ಬಸ್ಸು ಹತ್ತಿದಾಗಲೆಲ್ಲ ನಾನು ಗುಟ್ಟಾಗಿ ಹಾಕುತ್ತಿದ್ದ ಆ ಟಿಕೆಟಿನ ರೊಕ್ಕದ ಸುದ್ದಿ ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಏಳಬೇಕಿತ್ತು, ಏಳಲಾಗಲಿಲ್ಲ. ಅವಳ ದನಿ ಕೇಳಿ ಅಷ್ಟು ಕಾಲವಾಗಿತ್ತು, ಇನ್ನೊಂದಿಷ್ಟು ಕೇಳೋಣವೆನ್ನಿಸಿತು. ದೊಡ್ಡವ್ವ ಮತ್ತೆ ತುರುಕಿದ್ದ ಬೆಲ್ಲ ಬಾಯಲ್ಲಿ ಕರಗುತ್ತಿತ್ತು, ನನಗೆ ರುಚಿಯೇ ತಿಳಿಯಲಿಲ್ಲ.

ನೀನು ಬರೆದ ಮುದುಕಿಯ ಪಾತ್ರಕ್ಕೆ ಯಾರೋ ಬಂದರೆಂದು ತಿಳಿದು ಮಾಂತೇಶ ಕ್ಯಾಮೆರಾ ಓಡಿಸುತ್ತಲೇ ಇದ್ದ. ಅತ್ತಿಯ ಗುರುತು ಹತ್ತಿದ ಕೂಡಲೇ ನೀನು ಕ್ಯಾಮೆರಾದ ಕಣ್ಣಿಗೆ ಅಂಗೈ ಮುಚ್ಚಿ ಓಡಿ ಬಂದೆಯಂತೆ. ನನಗೆ ಕೇಳಿಸಿದ್ದು ನಿನ್ನ ಮಾತಷ್ಟೇ: ‘ಅತ್ತಿ, ಅಳಬ್ಯಾಡ. ದೊಡ್ಡಪ್ಪ ಅದಾನ. ಇದು ಸಿನಿಮಾ.’ ನಾನು ಕಣ್ಣು ತೆರೆದೆ. ‘ಹುಲಗವ್ವಾ, ಊಟ ಆತೇನು?’ ಎಂದೆ. ಅವಳು ನನ್ನ ಕೊರಳಿನ ಮಾಲೆ ಕಿತ್ತು ಅದರಿಂದಲೇ ನನಗೆ ಬಡಿದು, ‘ನನ್ನ ದುಃಖಾನ ಆಟ ಮಾಡಿದ್ರಿ’ ಎಂದು ನೀರೂ ಮುಟ್ಟದೆ ಹೋದಳು.

ಮುಂದಿನದನ್ನು ಉಜ್ಮಾ ದೊಡ್ಡವ್ವನಿಗೆ ಫೋನಿನಲ್ಲಿ ಹೇಳಿದಳು. ಆ ಅಳು ಇದ್ದರೇ ಸಿನಿಮಾ, ಇಲ್ಲದಿದ್ದರೆ ಏನೂ ಉಳಿಯುವುದಿಲ್ಲ ಎಂದರಂತೆ ನಿಮ್ಮ ಮೇಷ್ಟ್ರು. ಬರುವ ತಿಂಗಳು ಪದವಿಗಾಗಿ ಒಪ್ಪಿಸಬೇಕಾದ ಸಿನಿಮಾ ಅದು. ಆದರೂ ನೀನು, ಅತ್ತಿ ಹೂಂ ಅನ್ನುವತನಕ ಅದನ್ನು ಹಾಕುವುದಿಲ್ಲ ಎಂದು ಕೂತಿದ್ದೀಯಂತೆ. ಅದನ್ನು ಕೇಳಿ ನನಗೆ ಎದೆ ತುಂಬಿ ಬಂತು. ಅಲ್ಲಿ ಕ್ಯಾಮೆರಾ ಹಿಡಿಯುವುದನ್ನು ಕಲಿಸುತ್ತಾರೆ, ಸರಿ. ಅದನ್ನು ಯಾವಾಗ ಮುಚ್ಚಬೇಕೆಂಬುದನ್ನು ನೀನೇ ಕಲಿತಿದ್ದೀ. ನಮ್ಮ ಮನೆತನದಲ್ಲಿ ನಿನ್ನಂಥವಳು ಹುಟ್ಟಿದಳೆಂದು ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಸೋಮವಾರ ನಾನೇ ಮಂಗಳೂರಿಗೆ ಹೋಗಿದ್ದೆ, ಇಳಕಲ್ ಸೀರೆ ಹಿಡಿದುಕೊಂಡು. ನೀನು ಕಳಿಸಿದ್ದ ಆ ದೃಶ್ಯವನ್ನು ಹುಲಗವ್ವನಿಗೆ ಮೊಬೈಲಿನಲ್ಲಿ ತೋರಿಸಿದೆ. ನೋಡಿದಳು, ಮತ್ತೊಮ್ಮೆ ನೋಡಿದಳು. ಸೀರೆ ಒಳಗಿಟ್ಟು ಚಹಾ ಕೊಟ್ಟಳು. ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಅವಳು ಒಪ್ಪದಿದ್ದರೂ ನೀನು ಮಾಡಿದ್ದೇ ಸರಿ, ಆ ಮಾತು ಮನಸ್ಸಿನಲ್ಲಿಟ್ಟುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ದೇವಿ ಹುಲಿಗೆಮ್ಮ ನಿನ್ನ ಬೆನ್ನಿಗಿರಲಿ.

ನಿನ್ನ ದೊಡ್ಡಪ್ಪ,
ದ್ಯಾವಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗಲೇ ಹುಲಗವ್ವನ ಫೋನು ಬಂತು. ‘ಅಳೂದು ಇರಲಿ. ಆದ್ರ ಅಣ್ಣಾ, ನೀ ಕಣ್ಣು ತಗದದ್ದೂ ಇರಬೇಕು. ಸತ್ತಾಂವ ಸತ್ತಾಂಗ ಮುಗಸಬ್ಯಾಡ್ರಿ’ ಎಂದಳು. ಆಗ ಹುಡುಗಿ ಕ್ಯಾಮೆರಾ ಮುಚ್ಚಿದ್ದಳವ್ವಾ, ಅದು ಸಿಕ್ಕಿಲ್ಲ ಎಂದೆ. ‘ಹಂಗಾರ ಪಂಚಮಿಗೆ ತವರಿಗೆ ಬರ್ತೀನಿ. ಆವಾಗ ತಗೀಲಿ’ ಎಂದಳು. ಹೇಗಾದರೂ ಮಾಡಿ ಪಂಚಮಿಯೊಳಗೆ ಬಾ, ಕ್ಯಾಮೆರಾ ಮರೆಯಬೇಡ. ನಾನು ಇನ್ನೊಮ್ಮೆ ಸಾಯಲು ತಯಾರಾಗಿದ್ದೇನೆ. ದೊಡ್ಡವ್ವ ಆಗಲೇ ಪಂಚಮಿಯ ಉಂಡಿಗೆ ಬೆಲ್ಲ ಕುಟ್ಟಲು ಕೂತಿದ್ದಾಳೆ.