ನೀನು ನಕ್ಕಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ

ಪ್ರೀತಿಯ ಅಂಕಿತಾ,

ಫೋನ್ ಎತ್ತುವುದಿಲ್ಲ, ನಮ್ಮ ಮೂವರ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹೋಗಿದ್ದೀಯ. ಹಾಗಾಗಿ ಸವಣೂರಿನ ಅಂಚೆ ಕಚೇರಿಯಿಂದ ಕವರು ತಂದು ಬರೆಯುತ್ತಿದ್ದೇನೆ. ಹೊಲಿಯಬೇಕಾದ ಹನ್ನೊಂದು ಜಂಪರು ಹಾಗೇ ಬಿದ್ದಿವೆ, ಇರಲಿ. ಶುಕ್ರವಾರ ನೀನಿಲ್ಲದಾಗ ನಿಮ್ಮ ಮನೆಯಲ್ಲಿ ಏನಾಯಿತೆಂದು ನಿನ್ನ ಅತ್ತೆ ಸರೋಜವ್ವ ಹೇಳಿರಬಹುದು, ಹೇಳದೆಯೂ ಇರಬಹುದು. ನಾನಂತೂ ಹೇಳಲೇಬೇಕು.

ಹಾನಗಲ್ಲಿನ ಕಂಪ್ಯೂಟರ್ ತರಗತಿಯಲ್ಲಿ ನೀನು, ನಾನು, ರುದ್ರೇಶ ಒಂದೇ ಬೆಂಚಿಗೆ ಬಿದ್ದು ಹನ್ನೆರಡು ವರ್ಷವಾಯಿತು. ಟೈಪಿಂಗ್ ಕಲಿತದ್ದಕ್ಕಿಂತ ಇಂಟರ್ನೆಟ್ಟಿನಲ್ಲಿ ನಗು ಬರುವಂಥದ್ದನ್ನು ಹುಡುಕಿದ್ದೇ ಹೆಚ್ಚು. ಆಮೇಲೆ ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ, ನಾನು ಹೊಲಿಗೆ ಅಂಗಡಿ ಇಟ್ಟೆ, ನೀನು ಹಂಸಭಾವಿಯ ಸೊಸೆಯಾಗಿ ಅಂಗನವಾಡಿ ಸೇರಿದೆ. ಒಬ್ಬರಿಗೊಬ್ಬರು ನಗೆಚಿತ್ರ ಕಳಿಸುವುದು ಮಾತ್ರ ನಿಲ್ಲಲಿಲ್ಲ. ಅವನದು ಗ್ರಹ, ರಾಕೆಟ್ಟು. ನನ್ನದು ರಾಕ್ಷಸರ, ಮಾಟಗಾತಿಯರ ಕಾಮಿಕ್ಸು. ನೀನು ಅದರ ಇಂಗ್ಲಿಷ್ ಸಾಲು ಅಳಿಸಿ, ನಮ್ಮ ಮಾತು ಬರೆದು ತಿರುಗಿ ಕಳಿಸುತ್ತಿದ್ದೆ. ಬೆಂಕಿ ಉಗುಳುವ ಡ್ರ್ಯಾಗನ್ನಿನ ಮುಂದೆ ಪಾತ್ರೆ ಹಿಡಿದು ನಿಂತ ಮುದುಕಿಯ ಬಾಯಿಗೆ ನೀನು ಹಾಕಿದ ಮಾತು: "ಸಣ್ಣಗ ಊದೋ ಯಪ್ಪಾ, ಹಾಲ ಉಕ್ಕತೈತಿ." ಅದನ್ನು ನೆನೆಯುತ್ತ ಯಾರದೋ ಜಂಪರಿಗೆ ಎರಡೂ ಎಡತೋಳು ಹೊಲಿದಿದ್ದೆ.

ನಿನ್ನ ಗಂಡ ಲೋಹಿತ ಎದೆನೋವೆಂದು ಕುಳಿತವನು ಏಳಲೇ ಇಲ್ಲ. ಐವತ್ತು ದಿನ ನಾನೂ ರುದ್ರೇಶನೂ ಗ್ರೂಪಿನಲ್ಲಿ ಏನೂ ಹಾಕಲಿಲ್ಲ. ಐವತ್ತೊಂದನೆಯ ದಿನ ನೀನೇ ಬರೆದೆ, "ಏನರ ಕಳಸ್ರಿ, ಅಳು ಮಾರಿ ನೋಡಿ ನೋಡಿ ಸಾಕಾಗೈತಿ." ರುದ್ರೇಶ ಕಳಿಸಿದ. ಆಕಾಶನೌಕೆಯ ಹೊರಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾನೆ ಗಗನಯಾತ್ರಿ. ಕೈಯಲ್ಲಿ ಒಂದೇ ಕಾಲುಚೀಲ. ಇನ್ನೊಂದು ಶನಿಗ್ರಹದ ಕಡೆ ತೇಲಿ ಹೊರಟಿದೆ.

ನೀನು ಕೋಣೆಯಲ್ಲಿ ಗಟ್ಟಿಯಾಗಿ ನಕ್ಕೆ. ಪಡಸಾಲೆಯಲ್ಲಿ ಕುಳಿತಿದ್ದ ಲೋಹಿತನ ಸೋದರತ್ತೆ ಬಂದು ಫೋನು ಕಸಿದುಕೊಂಡರು. "ಗಂಡ ಹೋಗಿ ಎರಡ ತಿಂಗಳಾಗಿಲ್ಲ, ಮೊಬೈಲ್ ನೋಡಿ ಹಲ್ಲ ಕಿಸಿಯಾಕತ್ತಾಳ," ಎಂದು ಓಣಿಗೆಲ್ಲ ಕೇಳುವಂತೆ ಅಂದರು. ಫೋನು ತಿರುಗಿ ಸಿಕ್ಕ ಮೇಲೆ ಇದನ್ನು ನೀನೇ ನನಗೆ ಹೇಳಿದ್ದೆ. ಅದೇ ಸಂಜೆ ಗ್ರೂಪು ಬಿಟ್ಟೆ. ರುದ್ರೇಶ ನನಗೆ ಫೋನು ಮಾಡಿದ. "ತಪ್ಪ ನಂದs ಐತಿ ಗುಲ್ನಾರ, ಗ್ರೂಪ್ ಮುಚ್ಚಿಬಿಡೂಣು," ಅಂದ. ಮುಚ್ಚಬೇಡ ಅಂದೆ.

ಶುಕ್ರವಾರ ಅಂಗಡಿಗೆ ರಜೆ. ಕಳೆದ ತಿಂಗಳು ಸಿಕ್ಕ ನಗೆಚಿತ್ರಗಳನ್ನೆಲ್ಲ ಕಾಗದದ ಮೇಲೆ ಪ್ರಿಂಟು ತೆಗೆಸಿ, ಆ ಕಾಲುಚೀಲದ ಚಿತ್ರವನ್ನೂ ಸೇರಿಸಿ, ಹಾವೇರಿಯಲ್ಲಿ ಬಸ್ಸು ಬದಲಿಸಿ ನಿಮ್ಮ ಮನೆಗೆ ಬಂದೆ. ಬಾಗಿಲು ತೆಗೆದವರು ಸರೋಜವ್ವ. ಮರಣ ಪ್ರಮಾಣಪತ್ರದ ಕೆಲಸಕ್ಕೆ ನೀನು ಹಿರೇಕೆರೂರಿಗೆ ಹೋಗಿದ್ದೀಯೆಂದು ಹೇಳಿ ಚಹಾ ಇಟ್ಟರು. ಕಾಗದಗಳನ್ನು ಚೀಲದಲ್ಲೇ ಇಟ್ಟುಕೊಂಡು ಕುಳಿತೆ. ಅವರೇ ಕೇಳಿದರು, "ಅಕಿ ನಕ್ಕಿದ್ದು ಯಾವುದಕ್ಕ? ತೋರಸು ನೋಡೂಣು."

ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಚಹಾ ಆರಿತು.

"ನಮ್ಮ ಲೋಹಿತ ದಿನಾ ಮುಂಜಾನೆ ಹಿಂಗ ಒಂದ ಕಾಲಚೀಲ ಹಿಡಕೊಂಡು, ಇನ್ನೊಂದಕ್ಕ ಮನಿ ತುಂಬ ತಿರಗತಿದ್ದ," ಅಂದರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು ಅಂಕಿತಾ, ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಕಾಲುಚೀಲದ ಈ ಸಂಗತಿಯನ್ನು ನೀನು ನಮಗೆ ಹೇಳಲೇ ಇಲ್ಲ.

ಅಷ್ಟರಲ್ಲಿ ಸೋದರತ್ತೆ ಬಂದರು. ನನ್ನ ಮಡಿಲಲ್ಲಿದ್ದ ಕಾಗದ ನೋಡಿ, "ಈಗ ಮನೀಗೇ ತಂದ್ಲೇನು ಅದನ್ನ?" ಅಂದರು. ನಾನು ಎದ್ದು ನಿಂತೆ. ಸರೋಜವ್ವ ಕುಳಿತಲ್ಲಿಂದಲೇ, ದನಿ ಏರಿಸದೆ ಹೇಳಿದರು: "ಹೌದ್ರಿ, ನಾನs ನೋಡಾಕತ್ತೇನಿ. ಸತ್ತಾಂವ ನನ್ನ ಮಗ. ನನ್ನ ಸೊಸಿ ಎಷ್ಟ ಅಳಬೇಕು, ಯಾವಾಗ ನಗಬೇಕು, ನೀವು ಹೇಳಬ್ಯಾಡ್ರಿ." ಸೋದರತ್ತೆ ನಿಂತ ಕಾಲಲ್ಲೇ ತಿರುಗಿ ಹೋದರು.

ಅಷ್ಟಾದರೂ ನನ್ನ ಸಿಟ್ಟು ಇಳಿದಿಲ್ಲ. ನೀನು ಗಂಡನ ನೆನಪಿಗೆ ನಕ್ಕೆ, ಸರಿ. ಬರೀ ಗಗನಯಾತ್ರಿಯ ಪೆದ್ದು ಮುಖ ನೋಡಿ ನಕ್ಕಿದ್ದರೂ ಅದರಲ್ಲಿ ತಪ್ಪೇನಿತ್ತು? ಆ ಐವತ್ತು ದಿನ ನೀನು ಅತ್ತದ್ದನ್ನು ಯಾರು ನೋಡಿದ್ದಾರೆ? ಒಂದು ನಗುವಿಗೆ ಮಾತ್ರ ಓಣಿಯೆಲ್ಲ ಸಾಕ್ಷಿ. ನನ್ನ ಅಣ್ಣ ಮುನಾಫನೂ ಹೇಳಿದ, "ಮಂದಿ ಮಾತಾಡ್ತಾರ, ಮತ್ತ ಹೋಗಬ್ಯಾಡ." ಮಾತಾಡಲಿ, ನಾನು ಹೋಗುತ್ತೇನೆ ಅಂದೆ. ರುದ್ರೇಶ ನಿನ್ನ ಹತ್ತಿರ ಕ್ಷಮೆ ಕೇಳಬೇಕೆಂದಿದ್ದ. ಅದಕ್ಕೂ ಬೇಡ ಅಂದಿದ್ದೇನೆ.

ಬರುವ ಶುಕ್ರವಾರ ಮತ್ತೆ ಬರುತ್ತೇನೆ, ರುದ್ರೇಶನನ್ನೂ ಕರೆತರುತ್ತೇನೆ. ಸರೋಜವ್ವ ಹೂಂ ಅಂದಿದ್ದಾರೆ. ಆದರೆ ಒಳಗಿನ ಕೋಣೆಯಲ್ಲಿ ಕೂರುವುದಿಲ್ಲ. ಪಡಸಾಲೆಯಲ್ಲಿ, ಬೀದಿ ಬಾಗಿಲು ಪೂರ್ತಿ ತೆಗೆದಿಟ್ಟು ಕೂರೋಣ. ನಿನಗೆ ಅಳು ಬಂದರೆ ಅಳು. ನಗು ಬಂದರೆ ಸೆರಗು ಬಾಯಿಗೆ ಅಡ್ಡ ಹಿಡಿಯಬೇಡ.

ನಿನ್ನ ದುಃಖಕ್ಕೆ ಬೇಕಾದಷ್ಟು ಕಾಲ ಸಿಗಲಿ, ಅದನ್ನು ಅಳೆಯಲು ಯಾರೂ ಕೈ ಚಾಚದಿರಲಿ.

ಹತ್ತೂವರೆಯ ಬಸ್ಸಿಗೆ ಬಂದಿಳಿಯುವ,
ಗುಲ್ನಾರ
ಸವಣೂರು