ನೆಣ ತೆಗೆದ ಸಾರು

ಅತ್ತೇ,

ಮೊನ್ನೆ ಹಿರಿಯರ ಹಬ್ಬಕ್ಕೆ ಮೊದಲ ಸಲ ನಿಮ್ಮ ಫೋಟೋದ ಮುಂದೆ ಎಡೆ ಇಟ್ಟೆ. ಮಟನ್ ಸಾರಿನ ಮೇಲಿನ ನೆಣವನ್ನೆಲ್ಲ ತೆಗೆದುಬಿಟ್ಟಿದ್ದೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ನಾನು ಹೊಸದಾಗಿ ಬಂದಾಗಲೂ ಒಮ್ಮೆ ಹೀಗೇ ತೆಗೆದಿದ್ದೆ, ನೆನಪಿದೆಯಾ? ಸಾರು ಕುದಿಯುತ್ತಿರುವಾಗಲೇ ಸೌಟಿನಲ್ಲಿ ಬಳಿದು ಚೆಲ್ಲಿದ್ದೆ. ನೆಣದ ಜೊತೆ ಖಾರ, ಮಸಾಲೆ ಎಲ್ಲ ಹೋಗಿ ಮಾಂಸ ತೊಳೆದ ನೀರು ಉಳಿದಿತ್ತು. “ಏನವ್ವ, ನೆಂಟ್ರಿಗೆ ಕೈ ತೊಳಿಯಾಕೆ ಕೊಡ್ತೀಯೇನು?” ಅಂದಿರಿ. ನಾನು ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ. ನೀವೇ ಬಂದು, “ಬಾರವ್ವ, ಉಣ್ಣಾಣ” ಎಂದು ಕರೆದೊಯ್ದಿರಿ. ನೆಣ ತೇಲದಿದ್ದರೆ ನಿಮಗೆ ಅದು ಸಾರೇ ಅಲ್ಲ. ಮೇಲಿನದ್ದನ್ನೆಲ್ಲ ಮಾವನ ಮುದ್ದೆಗೆ ಸುರಿದು, ಅವರು ಉಂಡು ಏಳುವವರೆಗೆ ಎದುರಿಗೇ ಕೂತಿರುತ್ತಿದ್ದಿರಿ.

ನೀವು ಹೋದ ಮೇಲೆ ಮಾವನ ಎದೆಗೆ ಸ್ಟೆಂಟ್ ಹಾಕಿದರು. ಕೊಬ್ಬು, ನೆಣ ಮುಟ್ಟಲೇಬಾರದು ಎಂದರು ದುರ್ಗದ ಡಾಕ್ಟರು. ಅವತ್ತಿನಿಂದ ಮಾವ ಮಾಂಸವನ್ನೇ ಬಿಟ್ಟು ಮಜ್ಜಿಗೆಯಲ್ಲಿ ಮುದ್ದೆ ಉಣ್ಣುತ್ತಿದ್ದರು. ನೆಣ ತಪ್ಪಿದ್ದಕ್ಕೇ ಮುನಿಸು ಎಂದುಕೊಂಡಿದ್ದೆವು. ಹಬ್ಬ ಹತ್ತಿರ ಬಂದಾಗ ಮಾತ್ರ, “ಅವಳ ಹೆಸರಿನ ಅಡಿಗೆ ಬಿಡಾಕಾಗಲ್ಲ, ಉಣ್ತೀನಿ” ಎಂದರು. ನನಗೆ ಪೀಕಲಾಟ. ನೆಣ ಸಾರಿನಲ್ಲೇ ಬಿಟ್ಟರೆ ಅವರ ಎದೆಗೆ ಕುತ್ತು, ತೆಗೆದರೆ ನಿಮ್ಮ ಎಡೆಗೆ ಅವಮಾನ. ಯಾರನ್ನು ಕೇಳಲಿ ಅತ್ತೆ? ಇಂಥದ್ದನ್ನೆಲ್ಲ ನಿಮ್ಮನ್ನೇ ಕೇಳುತ್ತಿದ್ದವಳು…

ಹಿಂದಿನ ದಿನವೇ ಮಾಡಿ ಆರಿಸಿಟ್ಟರೆ ನೆಣ ಗಟ್ಟಿಯಾಗಿ ಮೇಲೆ ನಿಲ್ಲುತ್ತದೆ, ದೋಸೆಯ ಹಾಗೆ ಎತ್ತಬಹುದು. ಆದರೆ ಎಡೆಗೆ ತಂಗಳು ಇಡುವ ಹಾಗಿಲ್ಲವಲ್ಲ. ಅದಕ್ಕೇ ಬೆಳಿಗ್ಗೆ ಸಣ್ಣ ಉರಿಯಲ್ಲಿ ಮೂರು ತಾಸು ಬೇಯಿಸಿ ಇಳಿಸಿದೆ. ಕುದಿ ನಿಂತ ಮೇಲೆ ಸ್ಟೀಲ್ ಚೊಂಬಿಗೆ ಐಸ್ ತುಂಬಿ, ಅದರ ತಳವನ್ನು ಸಾರಿಗೆ ಮೆಲ್ಲಗೆ ತಾಗಿಸಿದೆ. ನೆಣ ಬೆಳ್ಳಗೆ ಅಂಟಿಕೊಂಡು ಬಂತು. ಬಟ್ಟಲಿಗೆ ಬಳಿದು ಮತ್ತೆ ತಾಗಿಸಿದೆ. ಈ ಸಲ ಮಸಾಲೆ ಎಲ್ಲೂ ಹೋಗಲಿಲ್ಲ. ನನಗೇ ಹೆಮ್ಮೆಯಾಯಿತು.

ಎಡೆ ಇಟ್ಟು ಕೈಮುಗಿದು ಊಟಕ್ಕೆ ಕೂತೆವು. ಮಾವ ಎರಡು ಮುದ್ದೆ ಉಂಡರು. “ಚೆನ್ನಾಗೈತೆ ಕಣವ್ವ. ಆ ನೆಣ ನಂಗ್ಯಾವತ್ತೂ ಸೇರ್ತಿರ್ಲಿಲ್ಲ.”

“ಮತ್ತೆ ಇಷ್ಟು ವರ್ಷ ಉಂಡ್ರಲ್ಲ ಮಾವ?”

“ಅವಳು ಎದುರಿಗೆ ಕುಂತು ನೋಡೋಳು. ಹೆಂಗವ್ವ ಬ್ಯಾಡ ಅನ್ನಾದು?”

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ನೀವು ಹೋದ ಮೇಲೆ ಮೊದಲ ಸಲ. ಆಮೇಲೆ, “ತೆಗ್ದಿದ್ದು ಎಲ್ಲೈತೆ?” ಎಂದರು. ಬಟ್ಟಲು ತೋರಿಸಿದೆ. ಅದರಿಂದ ಒಂದು ಸೌಟು ತೆಗೆದು ನಿಮ್ಮ ಎಡೆಯ ಬಿಸಿ ಮುದ್ದೆಯ ಮೇಲೆ ಹಾಕಿದರು.

“ಇದಂದ್ರೆ ಪ್ರಾಣ ಅವಳಿಗೆ. ನಂಗಿಷ್ಟ ಅಂದ್ಕಂಡು ಎಲ್ಲಾನೂ ನಂಗೇ ಬಡಿಸೋಳು.”

ಇನ್ನು ಮೇಲೆ ನೆಣವೆಲ್ಲ ನಿಮ್ಮ ಎಡೆಗೇ ಅತ್ತೆ. ಯಾರಿಗೂ ತೆಗೆದಿಡಬೇಡಿ, ನೀವೇ ಉಣ್ಣಿ.

ನಿಮ್ಮ ಸೊಸೆ