ಇದ್ದತ್ ಮುಗಿದ ಮರುದಿನ

ಶಾನವಾಜ ಅವರೇ,

ನೀವು ತೀರಿಕೊಂಡು ನಾಲ್ಕು ತಿಂಗಳು ಹತ್ತು ದಿನವಾಯಿತು. ನಾನು ಮನೆಯೊಳಗೇ ಕಳೆಯಬೇಕಿದ್ದ ಇದ್ದತ್ ನಿನ್ನೆಗೆ ಮುಗಿಯಿತು. ಇಂದು ಬೆಳಿಗ್ಗೆಯೇ ನಿಮ್ಮ ಅಕ್ಕ ಮಲ್ಲಸಮುದ್ರದಿಂದ ಬೆಟಗೇರಿಗೆ ಬಂದರು.

“ಏಳ್ ಮೆಹನಾಜ, ಕುಂತು ಕುಂತು ಗ್ವಾಡಿ ಆಗೀಯಲ್ಲ! ನಮ್ಮ ಮನಿಗೆ ನಡಿ.”

“ಇವತ್ತೂ ಕುಂಡ್ರತೀನ್ರಿ, ಆಪಾ.”

“ಯಾಕ? ಎಲ್ಲಾ ಮುಗೀತಲ್ಲ!”

“ಅದು ನೀವೆಲ್ಲಾ ಕುಂಡ್ರಿಸಿದ್ದು. ಇವತ್ತು ನಾನಾಗೇ ಕುಂತೀನಿ.”

ಅವರು ಸಿಟ್ಟಿನಿಂದ ಹೊರಟುಹೋದರು. ನಾನು ಪುಸ್ತಕವನ್ನೂ ಹಿಡಿಯದೆ ಮಧ್ಯಾಹ್ನದವರೆಗೆ ಕಿಟಕಿಯ ಬಳಿ ಸುಮ್ಮನೆ ಕುಳಿತೆ. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಹೀಗೆ ಕುಳಿತದ್ದೇ ಇಲ್ಲ. ಕುಳಿತಾಗಲೆಲ್ಲ ನೀವು ಚಹಾ ಕೇಳುತ್ತಿದ್ದಿರಿ, ಪ್ರತಿ ಸಲವೂ ಎದ್ದು ಒಲೆ ಹೊತ್ತಿಸುತ್ತಿದ್ದೆ.

ಇಂದು ನೀವೇ ಬಂದು ಕೇಳಿದ್ದರೂ ಏಳುತ್ತಿರಲಿಲ್ಲ. ಇಲ್ಲೇ ಜಾಗ ಐತಿ, ಕುಂಡ್ರಿ ಎನ್ನುತ್ತಿದ್ದೆ.